ಬಾರದ ರೈಲಿನ ಅಧ್ಯಕ್ಷರು

ತೋಡಾರಿನ ಅಬ್ದುಲ್ ಹಕೀಮರಿಗೆ ಆ ದಿನ ಬೆಳಿಗ್ಗೆ ಬನ್ಸಿನ ತುಂಡು ಗಂಟಲಲ್ಲಿ ಸಿಕ್ಕಿಕೊಂಡದ್ದಕ್ಕೆ ಕಾರಣ ಬನ್ಸ್ ಅಲ್ಲ. ನಿತ್ಯಾನಂದನ ಹೋಟೆಲಿನ ಬನ್ಸ್ ಗಟ್ಟಿ ಎಂಬುದು ನಿಜವೇ, ಆದರೆ ಹಕೀಮರು ಅದನ್ನು ವರ್ಷಗಳಿಂದ ನುಂಗಿಕೊಂಡು ಬಂದವರು. ಕಾರಣ ಪತ್ರಿಕೆಯ ಒಳಪುಟದಲ್ಲಿತ್ತು. ಮಂಗಳೂರಿನಿಂದ ಹೊರಟು ಮೂಡುಬಿದಿರೆ, ಬೆಳ್ತಂಗಡಿ, ಬಂಟ್ವಾಳ ಸುತ್ತಿ ಮತ್ತೆ ಮಂಗಳೂರು ಸೇರಬೇಕಿದ್ದ ಲೋಕಲ್ ರೈಲಿನ ಯೋಜನೆಯನ್ನು ಕೈಬಿಡಲಾಗಿದೆ ಎಂದು ಅಲ್ಲಿ ಅಂಗೈಯಗಲದ ಸುದ್ದಿ ಬಂದಿತ್ತು.

ನಿತ್ಯಾನಂದ ಗಲ್ಲಾ ಬಿಟ್ಟು ಓಡಿಬಂದು ಅವರ ಬೆನ್ನಿಗೆ ಗುದ್ದಿದ.

“ಕೆಮ್ಮಿ ಹಕೀಮಾಕ, ಕೆಮ್ಮಿ! ಖುಷಿಯಲ್ಲಿ ಹೀಗೇ ಆಗೋದು. ನಾವು ಗೆದ್ದೆವು ಮಾರಾಯ್ರೆ!”

ಹಕೀಮರು ಕೆಮ್ಮಿದರು. ಖುಷಿ ಮಾತ್ರ ಎಲ್ಲಿಯೂ ಇರಲಿಲ್ಲ.

ಕೆಲವು ವರ್ಷಗಳ ಹಿಂದೆ ಅಳತೆಯವರು ಬಂದು ಹಕೀಮರ ಅಡುಗೆಮನೆಯ ಹಿಂದೆ ಹಳದಿ ಬಣ್ಣ ಬಳಿದ ಕಲ್ಲೊಂದನ್ನು ನೆಟ್ಟು ಹೋಗಿದ್ದರು. ರೈಲು ಬಂದರೆ ಮೊದಲು ಹೋಗುವುದು ಅವರ ಮನೆಯೇ ಆದ್ದರಿಂದ ಊರವರು ಹೋರಾಟ ಸಮಿತಿ ಕಟ್ಟಿ ಅವರನ್ನೇ ಅಧ್ಯಕ್ಷರನ್ನಾಗಿ ಮಾಡಿದರು. ಅಧ್ಯಕ್ಷರು ಸಭೆಯಲ್ಲಿ “ರೈಲು ಬೇಡ” ಎಂದು ಗಂಟಲು ಹರಿಯುವಂತೆ ಕೂಗುತ್ತಿದ್ದರು. ಮನೆಗೆ ಬಂದ ಮೇಲೆ, ಈ ಕೂಗು ಸರಕಾರದ ಕಿವಿಗೆ ಬೀಳದಿರಲಿ ಎಂದು ಮನಸ್ಸಿನಲ್ಲೇ ಬೇಡಿಕೊಳ್ಳುತ್ತಿದ್ದರು. ಅವರಿಗೆ ಬೇಕಾದದ್ದು ಇಷ್ಟೇ. ರೈಲು ಬರಲೂ ಬಾರದು, ಬರುವುದಿಲ್ಲ ಎಂದು ಯಾರೂ ಹೇಳಲೂ ಬಾರದು.

ಏಕೆಂದರೆ ಹಕೀಮರ ಹೆಂಡತಿ ಸಾಲಿಹಾ ಗಿಡ್ಡ. ಹಕೀಮರ ತಾಯಿ ಉದ್ದ. ಅಡುಗೆಮನೆಯ ಕಟ್ಟೆಯನ್ನು ಕಟ್ಟಿಸಿದ್ದು ತಾಯಿಯ ಕಾಲದಲ್ಲಿ, ತಾಯಿಯ ಅಳತೆಗೆ. ಹಾಗಾಗಿ ಸಾಲಿಹಾ ಮದುವೆಯಾಗಿ ಬಂದ ದಿನದಿಂದ ಮಣೆಯ ಮೇಲೆ ನಿಂತು ಅಡುಗೆ ಮಾಡುತ್ತಿದ್ದಳು. ಮಳೆಗಾಲದಲ್ಲಿ ಹಂಚಿನ ಸಂದಿಯಿಂದ ನೀರು ನೇರ ಸಾರಿಗೇ ಇಳಿಯುತ್ತಿತ್ತು. ಪ್ರತಿ ವರ್ಷ ಅವಳು ಕೇಳುವಳು, ಪ್ರತಿ ವರ್ಷ ಇವರು ಹೇಳುವರು: “ರೈಲು ಬರ್ತದಲ್ಲ. ಇವತ್ತು ಕಟ್ಟಿದ್ದನ್ನು ನಾಳೆ ಒಡೀತಾರೆ. ಸುಮ್ಮನೆ ಯಾಕೆ?”

ಹಕೀಮರು ಕೆಟ್ಟವರಲ್ಲ. ಸೌದಿಯ ದಮ್ಮಾಮಿನ ಕಟ್ಟಡ ಕಂಪನಿಯಲ್ಲಿ ಅರ್ಧ ಆಯುಷ್ಯ ಸಿಮೆಂಟಿನ ಧೂಳು ತಿಂದು ಬಂದವರು. ಊರಿಗೆ ಬಂದ ಮೇಲೆ ಅವರಿಗೆ ಉಳಿದ ಸುಖ ಒಂದೇ. ಮನೆಯ ಎದುರಿನ ಸಿಟೌಟ್‌ನಲ್ಲಿ ಈಸಿ ಚೇರು ಹಾಕಿಕೊಂಡು, ಮಧ್ಯಾಹ್ನದ ಊಟ ಮುಗಿದದ್ದೇ ಕಣ್ಣು ಮುಚ್ಚಿ, ಮಸೀದಿಯ ಸಂಜೆಯ ಅಸರ್ ಬಾಂಗಿಗೆ ಕಣ್ಣು ತೆರೆಯುವುದು. ಮೇಸ್ತ್ರಿ ಬಂದ ಮನೆಯಲ್ಲಿ ನಿದ್ದೆ ಎಲ್ಲಿಯದು? ಆದರೆ ಒಮ್ಮೆ ರಂಜಾನಿನಲ್ಲಿ, ಇಫ್ತಾರಿಗೆ ಬಂದ ನೆಂಟರೆಲ್ಲರ ಎದುರು ಬಾಯಿ ಜಾರಿತ್ತು. “ರೈಲು ಇಲ್ಲ ಅಂತ ಆಗ್ಲಿ, ಅವತ್ತೇ ರುಕ್ಮಯ್ಯ ಮೇಸ್ತ್ರಿಯನ್ನು ಕರೆಸ್ತೇನೆ. ಇದು ನನ್ನ ಮಾತು.”

ಈಗ ಅದು ಆಗಿತ್ತು. ಆದರೂ ದಾರಿ ಇರಲಿಲ್ಲವೆಂದಲ್ಲ. ರುಕ್ಮಯ್ಯ ಮರುದಿನದಿಂದ ಸಿದ್ಧಕಟ್ಟೆಯಲ್ಲಿ ಒಂದು ಹಳೆಯ ಸಭಾಭವನವನ್ನು ಒಡೆದು ಕಟ್ಟುವ ಕೆಲಸ ಹಿಡಿಯುವವನಿದ್ದ. ಅದು ಮುಗಿಯುವಾಗ ಮಳೆ ಹಿಡಿಯುತ್ತದೆ. ಮಳೆ ಹಿಡಿದರೆ ಹಂಚು ತೆಗೆಯುವ ಹಾಗಿಲ್ಲ. ಅಂದರೆ ಸುದ್ದಿ ಇವತ್ತೊಂದು ದಿನ ಸಾಲಿಹಾಳ ಕಿವಿಗೆ ಬೀಳದಿದ್ದರೆ ಸಾಕು, ಈ ವರ್ಷದ ನಿದ್ದೆ ಭದ್ರ. ಮುಂದಿನ ವರ್ಷಕ್ಕೆ ಇನ್ನೊಂದು ಯೋಜನೆ ಬಾರದಿರುತ್ತದೆಯೇ? ನಮ್ಮ ದೇಶದಲ್ಲಿ ಯೋಜನೆಗೆ ಬರವಿಲ್ಲ.

ಹಕೀಮರು ಪತ್ರಿಕೆಯನ್ನು ಮಡಚಿ ಅಂಗಿಯೊಳಗೆ ಹಾಕಿಕೊಂಡರು.

“ಅದು ಹೋಟೆಲಿನ ಪೇಪರ್ ಹಕೀಮಾಕ,” ಎಂದ ನಿತ್ಯಾನಂದ. “ಇರ್ಲಿ, ಇಟ್ಟುಕೊಳ್ಳಿ, ಫ್ರೇಮ್ ಹಾಕಿಸುವ. ಇವತ್ತು ಸಂಜೆ ನಿಮ್ಮ ಮನೆಯಲ್ಲಿ ಸನ್ಮಾನ. ಶಾಲು, ಪೇಟ, ಹಣ್ಣಿನ ಬುಟ್ಟಿ ಎಲ್ಲ ನಮ್ಮ ಲೆಕ್ಕ. ಆ ಹಳದಿ ಕಲ್ಲನ್ನು ನಿಮ್ಮ ಕೈಯಿಂದಲೇ ಕೀಳಿಸುವುದು.”

“ಮನೆಯಲ್ಲಿ ಬೇಡ ನಿತ್ಯಣ್ಣ! ಹೋಟೆಲಿನಲ್ಲೇ ಮಾಡುವ.”

“ಕಲ್ಲು ಇರುವುದು ನಿಮ್ಮಲ್ಲಿ. ಕಲ್ಲಿಲ್ಲದೆ ಸನ್ಮಾನ ಎಂಥದ್ದು?”

“ಸಾಲಿಹಾಗೆ ತಲೆನೋವು. ವಿಪರೀತ ತಲೆನೋವು. ಸದ್ದು ಆಗ್ಲಿಕ್ಕಿಲ್ಲ. ನಾಳೆ ಇಟ್ಟುಕೊಳ್ಳುವ.”

ನಿತ್ಯಾನಂದನ ಮುಖ ಸಣ್ಣದಾಯಿತು. ಒಪ್ಪಿದ. ಒಪ್ಪಿದವನು ಸುಮ್ಮನಿರಲಿಲ್ಲ. ಒಳಗೆ ಬನ್ಸ್ ಕರಿಯುತ್ತಿದ್ದ ಹೆಂಡತಿ ಕಾಂತಿಯನ್ನು ಕರೆದು, ನೋವಿನ ಮುಲಾಮು ಕೊಟ್ಟು, ಹಕೀಮರಿಗಿಂತ ಮುಂಚೆ ಅವರ ಮನೆಗೆ ಓಡಿಸಿದ. ತೋಡಾರಿನಲ್ಲಿ ಒಬ್ಬರಿಗೆ ತಲೆನೋವು ಬಂದರೆ ಅದನ್ನು ಅವರೊಬ್ಬರೇ ಅನುಭವಿಸಲು ಯಾರೂ ಬಿಡುವುದಿಲ್ಲ.

ಹಕೀಮರು ಬೇಗ ಬೇಗ ಹೊರಟರೆ ದಾರಿಯಲ್ಲಿ ರುಕ್ಮಯ್ಯ ಮೇಸ್ತ್ರಿಯೇ ಎದುರಾದ. ಸ್ಕೂಟರ್ ನಿಲ್ಲಿಸಿ, ಎಂದೂ ಇಲ್ಲದ ಸಂಕೋಚದಿಂದ ತಲೆ ಕೆರೆದುಕೊಂಡ. ಮಾತಿನಲ್ಲಿ ಅವನು ಬಲು ನಾಜೂಕಿನ ಮನುಷ್ಯ. ಗೋಡೆ ಒಡೆಯುವಾಗಲೂ ಗೋಡೆಯ ಕ್ಷಮೆ ಕೇಳುವಂಥವನು.

“ನಾಳೆ ಸಿದ್ಧಕಟ್ಟೆಗೆ ಹೋಗುವುದಲ್ವಾ ರುಕ್ಮಯಣ್ಣ?” ಎಂದರು ಹಕೀಮರು.

“ಅದೇ ಹಕೀಮಾಕ, ನಿಮ್ಮತ್ರವೇ ಮಾತಾಡ್ಬೇಕು ಅಂತ ಇದ್ದೆ. ಹಳೆಯದನ್ನು ಒಡೆದು ಹೊಸತು ಕಟ್ಟುವ ಕೆಲಸ ನೋಡಿ. ಮಾಡಿಸುವವರಲ್ಲೇ ಒಮ್ಮತ ಇಲ್ಲ. ಒಬ್ಬರು ಇವತ್ತೇ ಶುರು ಮಾಡಿ ಅಂತಾರೆ. ಇನ್ನೊಬ್ಬರ ಬಾಯಿಯಿಂದ ಒಂದು ಮಾತು ಬರದೆ ಪಿಕ್ಕಾಸು ಎತ್ತುವುದು ಹೇಗೆ ಅಂತ ಯೋಚನೆ ನನಗೆ.”

ಸಭಾಭವನ ಕಟ್ಟಿಸುವ ಸಮಿತಿಯಲ್ಲಿ ಜಗಳ ಎಂದು ಹಕೀಮರಿಗೆ ಗೊತ್ತಾಗಿಹೋಯಿತು. ಸಮಿತಿಗಳ ಕತೆ ಅಧ್ಯಕ್ಷರಿಗೆ ಗೊತ್ತಿಲ್ಲದ್ದೇ? ಜಗಳ ನೆಪವಾಗಿ ರುಕ್ಮಯ್ಯ ಊರಲ್ಲೇ ಉಳಿದುಬಿಟ್ಟರೆ!

“ಮಾತು ಬರುವ ತನಕ ಕಾದರೆ ನೀನು ಮುದುಕನಾಗ್ತಿ ಮಾರಾಯ! ಈಗಲೇ ಹೋಗು. ಮೊದಲು ಒಡೆದು ಹಾಕು. ಒಡೆದ ಮೇಲೆ ಬೇಡ ಅಂತ ಹೇಳುವವ ಯಾರು? ಬಾಯಿ ಮುಚ್ಚಿ ಕೂತ್ಕೊಳ್ತಾನೆ.”

“ನೀವು ಹೇಳ್ತೀರಾ?”

“ನಾನೇ ಹೇಳ್ತೇನೆ. ಇವತ್ತೇ ಶುರು ಮಾಡು.”

ರುಕ್ಮಯ್ಯನ ಕಣ್ಣು ತುಂಬಿಬಂದಂತೆ ಕಂಡಿತು. “ದೊಡ್ಡ ಮನಸ್ಸು ನಿಮ್ಮದು,” ಎಂದು ಕೈಮುಗಿದು ಸ್ಕೂಟರ್ ತಿರುಗಿಸಿದ. ಒಂದು ಒಳ್ಳೆಯ ಮಾತಿಗೆ ಇಷ್ಟು ಕೃತಜ್ಞತೆಯೇ ಎಂದು ಹಕೀಮರಿಗೂ ಸ್ವಲ್ಪ ಹೆಮ್ಮೆಯಾಯಿತು.

ಮನೆಗೆ ಬಂದರೆ ಸಾಲಿಹಾ ಹಣೆಯ ತುಂಬ ಮುಲಾಮು ಹಚ್ಚಿಕೊಂಡು ಪಾತ್ರೆಗಳನ್ನು ನಡುಕೋಣೆಗೆ ಸಾಗಿಸುತ್ತಿದ್ದಳು. ಕಾಂತಿ ದೊಡ್ಡ ಪಾತ್ರೆಯ ಇನ್ನೊಂದು ಕಿವಿ ಹಿಡಿದಿದ್ದಳು.

“ನನಗೆ ತಲೆನೋವು ಅಂತ ನನಗೇ ಗೊತ್ತಿರ್ಲಿಲ್ಲ,” ಎಂದಳು ಸಾಲಿಹಾ. “ಕಾಂತಕ್ಕ ಬಂದು ಹೇಳಿದ ಮೇಲೆ ಗೊತ್ತಾದದ್ದು.”

“ನಿನ್ನ ಮುಖ ನೋಡಿ ನನಗೆ ಹಾಗೆ ಕಂಡಿತು,” ಎಂದು ಹಕೀಮರು ತಡವರಿಸಿದರು. “ಇದೆಂಥ ಪಾತ್ರೆ ಎಲ್ಲ ಹೊರಗೆ?”

“ಗೆದ್ದಲು. ಮಳೆಗೆ ಮೊದಲು ಒಮ್ಮೆ ಎಲ್ಲ ತೆಗೆದು ನೋಡುವ ಅಂತ.”

ಅಡುಗೆಮನೆಯ ಗೋಡೆಯಲ್ಲಿ ಸಾಲಿಹಾಳ ಮೊಣಕೈಯ ಮಟ್ಟಕ್ಕೆ ಪೆನ್ಸಿಲಿನ ಗೀಟೊಂದು ಕಂಡಿತು. ಗೆದ್ದಲು ಎಲ್ಲಿಯವರೆಗೆ ಏರಿದೆ ಎಂಬ ಗುರುತಿರಬೇಕು ಎಂದುಕೊಂಡ ಹಕೀಮರು, ಸುದ್ದಿ ಸಾಲಿಹಾಳ ಫೋನಿಗೆ ಬರದಿರಲೆಂದು ಮೆಲ್ಲಗೆ ಹೋಗಿ ವೈಫೈ ಪೆಟ್ಟಿಗೆಯ ವಯರು ಕಿತ್ತರು. ಆದರೆ ವಯರು ಕಿತ್ತರೆ ಸಾಲದು, ಊರವರ ಬಾಯಿ ಕೀಳಲಾದೀತೇ? ಹೊರಗಿನಿಂದ ಆಗಲೇ ಯಾರೋ “ಅಧ್ಯಕ್ಷರೇ, ಅಭಿನಂದನೆ!” ಎಂದು ಬೊಬ್ಬೆ ಹೊಡೆದು ಹೋದರು.

“ಅಭಿನಂದನೆ ಯಾಕೆ?” ಎಂದಳು ಸಾಲಿಹಾ.

“ಯಾಕಂದ್ರೆ... ನಾವು ನರಿಕೊಂಬಿಗೆ ಹೋಗುವ!” ಎಂದರು ಹಕೀಮರು. “ನಿನ್ನ ಅಕ್ಕನನ್ನು ನೋಡದೆ ಎಷ್ಟು ಸಮಯ ಆಯ್ತು. ಈಗಲೇ ಹೊರಡುವ. ಸಂಜೆಗೆ ಬಂದರಾಯ್ತು.”

ಅಕ್ಕ ಸೈನಬಳ ಮನೆಗೆ ಹೋಗುವ ಎಂದು ಸಾಲಿಹಾ ಕೇಳಿದಾಗಲೆಲ್ಲ ಬಸ್ಸು ಬದಲಿಸಬೇಕೆಂದು ಗೊಣಗುತ್ತಿದ್ದ ಗಂಡ ಇವರೇ. ಅವಳು ಒಂದು ಕ್ಷಣ ಅವರನ್ನೇ ನೋಡಿದಳು. ಕಾಂತಿಯನ್ನೂ ನೋಡಿದಳು. ಆಮೇಲೆ ಬುರ್ಖಾ ಹಾಕಿಕೊಂಡು ಬಂದು ಬೀಗದ ಕೈಯನ್ನು ಕಾಂತಿಗೆ ಕೊಟ್ಟಳು.

“ಕೀ ಯಾಕೆ ಅವರಿಗೆ?”

“ಗೆದ್ದಲಿನ ಮದ್ದು ಹೊಡೆಯುವವರು ಬರ್ತಾರೆ.”

ಮೂಡುಬಿದಿರೆಯಲ್ಲಿ ಬಸ್ಸು ಬದಲಿಸಿದರು. ಸಿದ್ಧಕಟ್ಟೆ ದಾಟುವಾಗ ಸಭಾಭವನದ ಕೆಲಸ ಎಲ್ಲಿಗೆ ಬಂತೆಂದು ನೋಡಬೇಕೆಂದಿದ್ದರು ಹಕೀಮರು. ಆದರೆ ಬಸ್ಸಿನ ಗಾಳಿಗೆ ಅವರ ಕಣ್ಣು ಸಿದ್ಧಕಟ್ಟೆಗೆ ಮೊದಲೇ ಮುಚ್ಚಿ ಬಂಟ್ವಾಳದಲ್ಲಿ ತೆರೆಯಿತು.

ನರಿಕೊಂಬಿನಲ್ಲಿ ಸೈನಬ ಪತ್ತಿರಿ, ಕೋಳಿಸಾರು ಮಾಡಿ ಬಡಿಸಿದಳು. ಊಟವಾದ ಮೇಲೆ ಹಕೀಮರು ಹೊರಡುವ ಮಾತೆತ್ತಲಿಲ್ಲ. ಆಶ್ಚರ್ಯವೆಂದರೆ ಸಾಲಿಹಾಳೂ ಎತ್ತಲಿಲ್ಲ. “ಸ್ವಲ್ಪ ಮಲಗಿ,” ಎಂದಳು. “ಚಾ ಕುಡಿದು ಹೋಗುವ,” ಎಂದರು ಇವರು. “ಬಿಸಿಲು ಇಳಿಯಲಿ,” ಎಂದಳು ಅವಳು. ಇಷ್ಟೊಂದು ಹೊಂದಾಣಿಕೆ ಈ ಗಂಡಹೆಂಡಿರ ನಡುವೆ ಮದುವೆಯಾದ ಹೊಸತರಲ್ಲೂ ಇರಲಿಲ್ಲ. ಸೈನಬಳಿಗೇ ಗಾಬರಿಯಾಗಿ, “ನೀವು ಜಗಳ ಮಾಡಿ ಬಂದದ್ದಲ್ಲವಲ್ಲ?” ಎಂದು ಕೇಳಿದಳು.

ನಡುವೆ ಹಕೀಮರು ಅಂಗಳಕ್ಕೆ ಬಂದು ರುಕ್ಮಯ್ಯನಿಗೆ ಫೋನ್ ಮಾಡಿದರು. ಅತ್ತ ಕಡೆಯಿಂದ ಧಡಾರ್ ಎಂದು ಏನೋ ಬಿದ್ದ ಸದ್ದು ಕೇಳಿತು. ಹಕೀಮರ ಕಿವಿಗೆ ಅದು ಸಂಗೀತ.

“ಕೆಲಸ ಜೋರುಂಟು ಹಕೀಮಾಕ!” ರುಕ್ಮಯ್ಯ ಕೂಗಿ ಹೇಳಿದ. “ಸಿದ್ಧಕಟ್ಟೆಗೆ ಕರ್ಕೊಂಡು ಹೋಗ್ಬೇಕಿದ್ದ ಜನರನ್ನೆಲ್ಲ ಹಾಕಿದ್ದೇನೆ...”

ಸಿದ್ಧಕಟ್ಟೆ ಎಂಬುದಷ್ಟೇ ಹಕೀಮರ ತಲೆಗೆ ಹೋಯಿತು. “ಭೇಷ್!”

“ಹಿಂದಿನದ್ದು ಪೂರಾ ಇಳಿಸಿ ಆಯ್ತು. ಈಗ ಒಂದು ಸಂಶಯ. ಎದುರಿನದ್ದು ಸಹ ಅಷ್ಟೇ ಹಳತು. ಮಾಡಿನ ಪಕ್ಕಾಸಿಗೆ ಗೆದ್ದಲು ಹಿಡಿದುಂಟು. ಅದಕ್ಕೆ ಕೈ ಹಾಕುವುದಾ, ಬಿಡುವುದಾ?”

ಎದುರಿನದ್ದನ್ನೂ ಒಡೆದರೆ ಕೆಲಸ ಇನ್ನೂ ಉದ್ದವಾಗುತ್ತದೆ. ದೀಪಾವಳಿಯವರೆಗೆ ರುಕ್ಮಯ್ಯ ಇತ್ತ ತಲೆ ಹಾಕುವುದಿಲ್ಲ. ಹಕೀಮರು ಅತ್ತಿತ್ತ ನೋಡಿ ದನಿ ತಗ್ಗಿಸಿದರು.

“ಅರ್ಧಂಬರ್ಧ ಕೆಲಸ ಯಾಕೆ ಮಾರಾಯ? ಅದನ್ನೂ ಒಡಿ. ಇವತ್ತೇ ಒಡಿ.”

“ಯಾರಾದ್ರೂ ಕೇಳಿದ್ರೆ?”

“ನನ್ನ ಹೆಸರು ಹೇಳು!”

ಹಿಂದಿರುಗುವ ಬಸ್ಸಿನಲ್ಲಿ ಹಕೀಮರು ಸಿದ್ಧಕಟ್ಟೆ ಬಂದದ್ದೂ ಹೋದದ್ದೂ ತಿಳಿಯದಷ್ಟು ನೆಮ್ಮದಿಯಿಂದ ನಿದ್ದೆ ಮಾಡಿದರು. ತೋಡಾರಿನಲ್ಲಿ ಇಳಿದಾಗ ಬೆಳಕು ಇನ್ನೂ ಇತ್ತು. ಮನೆಯ ಅಂಗಳದಲ್ಲಿ ಜನ ಸೇರಿದ್ದು ದೂರದಿಂದಲೇ ಕಂಡಿತು. ತಲೆನೋವಿಲ್ಲವೆಂದು ಕಾಂತಿ ಹೇಳಿದ ಮೇಲೆ ನಿತ್ಯಾನಂದ ಸನ್ಮಾನವನ್ನು ಇವತ್ತಿಗೇ ಎಳೆದು ತಂದಿದ್ದ.

ಹಕೀಮರು ಗೇಟು ದಾಟಿ ನಿಂತರು. ಮನೆಯಲ್ಲಿ ಏನೋ ಕಡಿಮೆಯಾದಂತೆ ಕಂಡಿತು. ಎಂದೂ ಎದುರಿನಿಂದ ಕಾಣದಿದ್ದ ಹಿತ್ತಿಲ ಹಲಸಿನ ಮರ ನಡುಕೋಣೆಯ ಬಾಗಿಲಿನ ಮೂಲಕ ಬುಡದ ತನಕ ಕಾಣುತ್ತಿತ್ತು. ನಡುವೆ ಇರಬೇಕಾಗಿದ್ದ ಅಡುಗೆಮನೆ ಇರಲಿಲ್ಲ. ಅದಕ್ಕಿಂತ ಮುಂಚೆ ಇರಬೇಕಾಗಿದ್ದ ಸಿಟೌಟೂ ಇರಲಿಲ್ಲ. ಈಸಿ ಚೇರು ಹಂಚಿನ ರಾಶಿಯ ಪಕ್ಕದಲ್ಲಿ ನಿಂತಿತ್ತು. ಅದರ ಮೇಲೆ ಗ್ರೈಂಡರ್ ಕೂತಿತ್ತು.

ಬಾಯಿ ತೆರೆಯುವುದರೊಳಗೆ ಅವರ ತಲೆಗೆ ಪೇಟ ಬಂತು, ಹೆಗಲಿಗೆ ಶಾಲು ಬಂತು. ಕೂರಿಸಲು ಬೇರೆ ಜಾಗವಿಲ್ಲದೆ, ಆಗಲೇ ಕಿತ್ತು ತಂದಿದ್ದ ಹಳದಿ ಕಲ್ಲಿನ ಮೇಲೆ ಅವರನ್ನು ಕೂರಿಸಿ ತೊಡೆಯ ಮೇಲೆ ಹಣ್ಣಿನ ಬುಟ್ಟಿ ಇಟ್ಟರು. ನಿತ್ಯಾನಂದ ಗಂಟಲು ಸರಿ ಮಾಡಿಕೊಂಡ.

“ಈ ಮನೆಯ ಒಂದು ಹಂಚು ಕೂಡ ಬೀಳಲಿಕ್ಕೆ ಬಿಡುವುದಿಲ್ಲ ಅಂತ ಹಗಲಿರುಳು ಹೋರಾಡಿದ ನಮ್ಮ ಅಧ್ಯಕ್ಷರು...” ಎಂದವನು ಸುತ್ತ ನೋಡಿ, ಮುಂದಿನ ವಾಕ್ಯ ಸಿಗದೆ ಚಪ್ಪಾಳೆ ತಟ್ಟಿದ. ಎಲ್ಲರೂ ತಟ್ಟಿದರು.

“ಸಾಲಿಹಾ,” ಎಂದರು ಹಕೀಮರು. “ಇದೆಲ್ಲ... ರೈಲಿನ ಸುದ್ದಿ ನಿನಗೆ...”

“ನಿನ್ನೆ ರಾತ್ರಿಯೇ ದುಬೈಯಿಂದ ನೌಫಲ್ ಫೋನ್ ಮಾಡಿ ಹೇಳಿದ್ದ,” ಎಂದಳು ಸಾಲಿಹಾ. ನೌಫಲ್ ಅವಳ ತಮ್ಮ. ತೋಡಾರಿನ ಸುದ್ದಿ ತೋಡಾರಿಗೆ ಮುಟ್ಟುವ ಮೊದಲು ದುಬೈಗೆ ಮುಟ್ಟುತ್ತದೆ ಎಂಬುದನ್ನು ದಮ್ಮಾಮಿನಲ್ಲಿದ್ದು ಬಂದವರೇ ಮರೆತಿದ್ದರು. “ಬೆಳಿಗ್ಗೆಯೇ ರುಕ್ಮಯಣ್ಣ ಬಂದು ನನ್ನ ಅಳತೆ ತಕ್ಕೊಂಡು ಹೋದರು. ನಿಮ್ಮನ್ನು ಒಂದು ದಿನ ಹೊರಗೆ ಕರ್ಕೊಂಡು ಹೋಗುವುದು ಹೇಗೆ ಅಂತ ನಾನೂ ಕಾಂತಕ್ಕನೂ ತಲೆ ಕೆಡಿಸ್ಕೊಂಡಿದ್ದೆವು. ಅಷ್ಟರಲ್ಲಿ ನೀವೇ ನರಿಕೊಂಬು ಅಂದ್ರಿ.”

ಮಣೆಯಿಂದ ಇಳಿದು ನೆಲದ ಮೇಲೆ ನಿಂತು ಅಡುಗೆ ಮಾಡುವ ದಿನ ಹತ್ತಿರ ಬಂದ ಸಂತೋಷ ಅವಳ ಮುಖದಲ್ಲಿ ಚೆನ್ನಾಗಿಯೇ ಕಾಣುತ್ತಿತ್ತು. ಹಕೀಮರಿಗೂ ಒಂದು ಕ್ಷಣ, ಪಾಪ, ಇಷ್ಟು ವರ್ಷ ಕಾಯಿಸಬಾರದಿತ್ತು ಎನ್ನಿಸಿತು. ಆಮೇಲೆ ಅವರ ಕಣ್ಣು ಈಸಿ ಚೇರಿನ ಮೇಲೆ ಬಿತ್ತು. ಮರುಕ ಹಾರಿಹೋಗಿ ರೋಷ ಬಂತು.

“ಅಡುಗೆಮನೆ ಒಡೆಸಿದ್ದು ಇರ್ಲಿ. ನನ್ನ ಸಿಟೌಟ್ ಏನು ಮಾಡಿತ್ತು ನಿನಗೆ?”

ಸಾಲಿಹಾಳ ನಗು ನಿಂತಿತು. ಆಗಷ್ಟೇ ಅವಳೂ ಮನೆಯ ಎದುರು ಭಾಗವನ್ನು ಸರಿಯಾಗಿ ನೋಡಿದ್ದು.

“ಅಯ್ಯೋ, ನಾನು ಹೇಳಿದ್ದು ಅಡುಗೆಮನೆ ಮಾತ್ರ! ಮಳೆ ಬರುವ ಹೊತ್ತಿಗೆ ಇದನ್ನೂ ಕಟ್ಟಿ ಮುಗಿಸ್ಲಿಕ್ಕೆ ಆಗ್ತದಾ? ರುಕ್ಮಯಣ್ಣ, ಎದುರಿನದ್ದನ್ನು ಒಡೀಲಿಕ್ಕೆ ಹೇಳಿದ್ದು ಯಾರು?”

ರುಕ್ಮಯ್ಯ ತಲೆಗೆ ಕಟ್ಟಿದ್ದ ಬೈರಾಸು ಬಿಚ್ಚಿ ಮುಖ ಒರೆಸಿಕೊಂಡ. ಹೇಳುವುದೋ ಬಿಡುವುದೋ ಎಂದು ಯೋಚಿಸಿದ. ಆಮೇಲೆ, ಬಲು ನಾಜೂಕಾಗಿ, ಪೇಟ ತೊಟ್ಟು ಹಳದಿ ಕಲ್ಲಿನ ಮೇಲೆ ಕೂತಿದ್ದ ಅಧ್ಯಕ್ಷರ ಕಡೆಗೆ ನೋಡಿದ.

“ಯಾರಾದ್ರೂ ಕೇಳಿದ್ರೆ ಅವರ ಹೆಸರು ಹೇಳು ಅಂದಿದ್ದಾರೆ ಅಕ್ಕ.”