ಹಸಿರು ಬಲ್ಬಿನ ಆತ್ಮವಿಶ್ವಾಸ

ನಾನು ಬರೆದ ಪ್ರೋಗ್ರಾಮು ಸರಿಯಾಗಿ ಓಡುತ್ತದೆಂದು ನಂಬಿದವರು ಪುಣೆಯಲ್ಲಿ ಒಬ್ಬರೂ ಇರಲಿಲ್ಲ, ನನ್ನನ್ನೂ ಸೇರಿಸಿ. ಎರಡು ಸಾವಿರದ ಇಸವಿ ದಾಟಿದ ಹೊಸತರಲ್ಲಿ ನಮ್ಮ ಆಫೀಸಿಗೆ ಹೊಸ ಪದ್ಧತಿಯೊಂದು ಬಂತು. ಪ್ರೋಗ್ರಾಮು ಸರಿಯಿದೆಯೇ ಎಂದು ತಾನೇ ನೋಡಿ ಹೇಳುವ ಪರೀಕ್ಷೆಗಳನ್ನು ಮೊದಲು ಬರೆಯಬೇಕು, ಆಮೇಲೆ ಪ್ರೋಗ್ರಾಮು. ಫೇಲಾದರೆ ಪರದೆಯ ಮೇಲೆ ಕೆಂಪು ಪಟ್ಟಿ, ಎಲ್ಲಾ ಪಾಸಾದರೆ ಹಸಿರು. ಪ್ರಶ್ನೆಪತ್ರಿಕೆಯನ್ನು ನಾನೇ ತೆಗೆಯುವ ಭಾಗ್ಯ ಶಾಲೆಯಲ್ಲಿ ಸಿಗಲಿಲ್ಲವಲ್ಲ ಎಂದು ಕೊರಗುತ್ತಿದ್ದವನಿಗೆ ಇನ್ನೇನು ಬೇಕು!

ಅದೇ ಹೊತ್ತಿಗೆ ಸಾಸವಡದ ಒಂದು ಮಂಗಲ ಕಾರ್ಯಾಲಯಕ್ಕೆ ಮದುವೆಗಳ ಬುಕಿಂಗ್ ನೋಡಿಕೊಳ್ಳುವ ಪ್ರೋಗ್ರಾಮು ಬರೆಯುವ ಕೆಲಸ ನನ್ನೊಬ್ಬನ ಪಾಲಿಗೆ ಬಂತು. ಕಾರ್ಯಾಲಯದ ಮಾಲೀಕರು ಒಪ್ಪಿದರೆ ಮುಂದಿನ ಕೆಲಸಗಳಿಗೆ ನಾನೇ ಮುಖಂಡ ಎಂದರು ನಮ್ಮ ಸಾಹೇಬರು. ವಾಕಡದ ನಮ್ಮ ಮನೆಯಲ್ಲೂ ಸಂಜೆ ಕಂಪ್ಯೂಟರ್ ಮುಂದೆ ಕೂತೆ. ಊಟ ಮಾಡುತ್ತಲೇ ಫಲಿತಾಂಶ ಕಾಣಲೆಂದು ಅದರಿಂದ ತಂತಿ ಎಳೆದು ಗೋಡೆಗೆ ಎರಡು ಬಲ್ಬು ಹಚ್ಚಿದೆ. ಎಡಕ್ಕೆ ಕೆಂಪು, ಬಲಕ್ಕೆ ಹಸಿರು.

ಮೊದಮೊದಲು ಕೆಂಪೇ ಜಾಸ್ತಿ. ಧಾರವಾಡ ಕಡೆಯವಳಾದ ನನ್ನ ಹೆಂಡತಿ ಸುನಂದಾ ಎಣ್ಣೆಗಾಯಿ ಮಾಡಿದ ದಿನವೂ ತುತ್ತು ಇಳಿಯದೆ ಎದ್ದು ಹೋಗುತ್ತಿದ್ದೆ. ಅಪರೂಪಕ್ಕೆ ಹಸಿರು ಹತ್ತಿದರೆ ಮೂರು ರೊಟ್ಟಿ.

ಆಮೇಲೆ ಅದೇನಾಯಿತೋ, ದಿನಾ ಹಸಿರು. ಏನು ಬರೆದರೂ ಹಸಿರು! ಪರದೆ ನೋಡುವುದನ್ನೇ ಬಿಟ್ಟೆ. ಎದೆ ಉಬ್ಬಿತು, ಅದರ ಹಿಂದೆಯೇ ಹೊಟ್ಟೆಯೂ. ಕೆಳಗಿನ ಮನೆಯವರ ನೀರಿನ ಪಂಪು ಕೆಟ್ಟಾಗ ಕರೆಯದೇ ಹೋಗಿ ಸಲಹೆ ಕೊಟ್ಟೆ. ಪಂಪಿನ ಬಗ್ಗೆ ನನಗೆ ಗೊತ್ತಿದ್ದುದು ಅದರಿಂದ ನೀರು ಬರುತ್ತದೆ ಎಂಬುದಷ್ಟೇ. ಮಾಲೀಕರಿಗೆ ತೋರಿಸುವ ಮುನ್ನ ಒಮ್ಮೆ ನೋಡೋಣವೇ ಎಂದ ಸಾಹೇಬರಿಗೂ ಅಗತ್ಯವಿಲ್ಲವೆಂದು ಗಂಭೀರವಾಗಿ ತಿಳಿಸಿದೆ.

ಮಾಲೀಕರು ಆಫೀಸಿಗೆ ಬಂದು ಒಂದು ಮದುವೆ ಬುಕ್ ಮಾಡಿ ನೋಡಿದರು. ಪ್ರೋಗ್ರಾಮು ಅಭಿನಂದನೆ ಹೇಳಿತು. ಅದೇ ದಿನ, ಅದೇ ಮುಹೂರ್ತಕ್ಕೆ ಇನ್ನೊಂದು ಮದುವೆ ಕೊಟ್ಟರು. ಅದಕ್ಕೂ ಅಭಿನಂದನೆ! ಸಂಶಯ ಬಂದು ಒಂದು ಮುಂಜಿಯನ್ನೂ ತುರುಕಿದರು. ನನ್ನ ಪ್ರೋಗ್ರಾಮಿನದು ವಿಶಾಲ ಹೃದಯ, ಯಾರನ್ನೂ ನಿರಾಶೆಗೊಳಿಸಲಿಲ್ಲ. ಒಂದೇ ಮಂಟಪದಲ್ಲಿ ಇಬ್ಬರು ವರರು, ನಡುವೆ ಒಬ್ಬ ವಟು ಕೂತರೆ ಅಕ್ಷತೆ ಯಾರ ಮೇಲೆ ಹಾಕುವುದೆಂದು ಮಾಲೀಕರು ಮರಾಠಿಯಲ್ಲಿ ಬಹಳ ವಿನಯದಿಂದ ಕೇಳಿದರು. ಸಾಹೇಬರು ಫ್ಯಾನು ನೋಡಿದರು. ನಾನು ನೆಲ ನೋಡಿದೆ.

ಒಂದು ಮುಹೂರ್ತಕ್ಕೆ ಎರಡು ಬುಕಿಂಗ್ ಆಗಬಾರದು ಎಂಬುದೇ ನಾನು ಬರೆದ ಮೊಟ್ಟಮೊದಲ ಪರೀಕ್ಷೆ! ಮನೆಗೆ ಬಂದು ಅದನ್ನು ಓಡಿಸಿದೆ. ಪರದೆಯಲ್ಲಿ ಕೆಂಪು, ಗೋಡೆಯಲ್ಲಿ ಹಸಿರು. ಹತ್ತಿರ ಹೋಗಿ ನೋಡಿದರೆ ಎಡಕ್ಕೂ ಹಸಿರು ಬಲ್ಬು, ಬಲಕ್ಕೂ ಹಸಿರು ಬಲ್ಬು. ಹತ್ತಿದ್ದು ಎಡದ್ದೋ ಬಲದ್ದೋ ಎಂದು ನೋಡುವ ವ್ಯವಧಾನ ಆತ್ಮವಿಶ್ವಾಸ ಇದ್ದವರಿಗೆ ಎಲ್ಲಿರುತ್ತದೆ?

“ಸುನಂದಾ, ಈ ಬಲ್ಬ್ ಯಾರು ಬದಲಿ ಮಾಡಿದ್ರು?”

“ನಾನ ರೀ. ಕೆಂಪು ಹತ್ತಿದ್ರ ನೀವು ಉಣ್ಣದ ಏಳತಿದ್ರಿ. ಹಸಿರು ಹತ್ತಿದ್ರ ಮೂರು ರೊಟ್ಟಿ ತಿಂತಿದ್ರಿ. ಅದಕ್ಕ ಎರಡೂ ಹಸಿರು ಹಾಕಿದೆ.”

“ಮತ್ತ ನನ್ನ ಪ್ರೋಗ್ರಾಮ್ ತಪ್ಪಾದ್ರ?”

“ತಪ್ಪಾದ್ರ ಯಾರರ ಹೇಳೇ ಹೇಳ್ತಾರ ಅಂತ ಮಾಡಿದ್ದೆ. ಹೇಳಿದ್ರೇನು?”

ಹೇಳಿದರು ಎಂದೆ. ಸಿಟ್ಟು ಬರಬೇಕಾಗಿತ್ತು, ನಗು ಬಂದುಬಿಟ್ಟಿತು. ನನ್ನ ಹೊಟ್ಟೆಯ ಬಗ್ಗೆ ಅವಳಿಗಿದ್ದಷ್ಟು ಕಾಳಜಿ ನನ್ನ ಪ್ರೋಗ್ರಾಮಿನ ಬಗ್ಗೆ ನನಗೇ ಇರಲಿಲ್ಲವಲ್ಲ! ಕೆಂಪು ಬಲ್ಬು ಮತ್ತೆ ಬಂತು, ತಪ್ಪು ತಿದ್ದಿದೆ, ಮಾಲೀಕರು ಇನ್ನೊಮ್ಮೆ ನೋಡಿ ಒಪ್ಪಿದರು. ಮುಖಂಡನ ಕುರ್ಚಿ ಮಾತ್ರ ಬೇರೆಯವರ ಪಾಲಾಯಿತು.

ಈಗಲೂ ಹಸಿರು ಹತ್ತಿದರೆ ಎದೆ ಉಬ್ಬುತ್ತದೆ. ಆದರೆ ಮೊದಲು ಸುನಂದಾಳ ಮುಖ ನೋಡುತ್ತೇನೆ. ಅವಳು ನಗುತ್ತಿದ್ದರೆ, ರೊಟ್ಟಿ ಅಲ್ಲೇ ಬಿಟ್ಟು ಎದ್ದು, ಹತ್ತಿದ್ದು ಎಡದ್ದೋ ಬಲದ್ದೋ ಎಂದು ನೋಡಿಕೊಂಡು ಬರುತ್ತೇನೆ.