ನನ್ನ ಡಬ್ಬಿ, ಅವಳ ಡಬ್ಬಿ

ಹೊಟ್ಟೆ ಕೆಟ್ಟವನಿಗೆ ಔಷಧಕ್ಕಿಂತ ಮೊದಲು ಒಬ್ಬ ಅಪರಾಧಿ ಬೇಕು. ನನಗಂತೂ ಬೇಕೇ ಬೇಕು. ಬೇಸಿಗೆಯಿಡೀ ಹೊಟ್ಟೆ ಗುಡುಗುಡು ಎಂದಾಗ ನಾನು ಡಾಕ್ಟರನ್ನು ಹುಡುಕಲಿಲ್ಲ, ಹೆಂಡತಿ ಮಹಾದೇವಿಯ ಅಡುಗೆಮನೆಯನ್ನು ಶೋಧಿಸಿದೆ. ಕೊಡದ ನೀರನ್ನು ಬೆಳಕಿಗೆ ಹಿಡಿದೆ, ರೊಟ್ಟಿಗೆ ಹಚ್ಚಿಕೊಳ್ಳುವ ಶೇಂಗಾ ಹಿಂಡಿಯನ್ನು ಮೂಸಿದೆ. ಏನೂ ಸಿಗದಿದ್ದಾಗ ಅನುಮಾನ ಇನ್ನೂ ಬಲಿಯಿತು. ಓಣಿಯ ಅಜ್ಜಿಯೊಬ್ಬಳು ಬಟ್ಟಿ ಸರಿದಿದೆಯೆಂದು ಹೊಟ್ಟೆ ತಿಕ್ಕಿ ಹೊಕ್ಕುಳನ್ನು ಜಾಗಕ್ಕೆ ಕೂರಿಸಿದಳು. ಅವಳ ಕೈಯನ್ನೂ ಅನುಮಾನಿಸಿದೆ. ಸಂಜೆಗಷ್ಟೇ ತಿನ್ನುತ್ತಿದ್ದ ಆಳಂದ ಬಸ್ ಸ್ಟ್ಯಾಂಡಿನ ಚುರುಮುರಿ ಸುಸಲಾ-ಮಿರ್ಚಿಯನ್ನು ಮಧ್ಯಾಹ್ನಕ್ಕೂ ವಿಸ್ತರಿಸಿದೆ. ಹೊಟ್ಟೆ ಮತ್ತಷ್ಟು ಕೆಟ್ಟಿತು. ರಾತ್ರಿಯ ರೊಟ್ಟಿಯದೇ ಕಿತಾಪತಿ ಎಂದೆ.

ಇದನ್ನು ಜೇವರ್ಗಿಯ ಅಕ್ಕನಿಗೂ ಫೋನಿನಲ್ಲಿ ಹೇಳಿಬಿಟ್ಟೆ. ಮುಂದಿನ ವಾರ ಮನೆಗೆ ಬಂದ ಅಕ್ಕ ತಾಟಿನ ರೊಟ್ಟಿ ಮುಟ್ಟದೆ, "ಬ್ಯಾಡ ಬೇ, ಹಸಿವಿಲ್ಲ," ಎಂದಳು. ಮಹಾದೇವಿ ತಾಟು ಎತ್ತಿಕೊಂಡು ಒಳಗೆ ಹೋದಳು. ಅವಳ ಕಣ್ಣು ತುಂಬಿದ್ದನ್ನು ನೋಡಿ ನನಗೆ ನಾಚಿಕೆಯಾಯಿತು. ಆದರೂ ಅನುಮಾನ ಬಿಡಲಿಲ್ಲ.

ಕೊನೆಗೆ ಡಾಕ್ಟರು ಮಲಪರೀಕ್ಷೆ ಬರೆದುಕೊಟ್ಟರು. "ನಂದೂ ಮಾಡ್ರಿ ಸಾಹೇಬ್ರ, ಒಂದೇ ಒಲಿ ಅಡಿಗಿ ಉಂಡೇವಿ. ಯಾರ ಹೊಟ್ಯಾಗ ಏನದ ತಿಳೀಲಿ," ಎಂದಳು ಮಹಾದೇವಿ. ಬೆಳಿಗ್ಗೆ ಎರಡೂ ಡಬ್ಬಿಗಳನ್ನು ಸೀರೆ ಅಂಗಡಿಯ ಚೀಲದಲ್ಲಿ ಮುಚ್ಚಿಟ್ಟುಕೊಂಡು ಲ್ಯಾಬಿಗೆ ಹೊರಟೆ. ದಾರಿಯಲ್ಲಿ ನಮ್ಮ ಆಫೀಸಿನ ಗುಮಾಸ್ತ, "ಮನ್ಯಾಗ ವೈನಿಗೆ ಸೀರಿ ತಂದೀರೇನ್ರಿ? ತೋರಸ್ರಿ," ಎಂದು ಚೀಲಕ್ಕೆ ಕೈ ಹಾಕಿದ. ಜನ್ಮದಲ್ಲಿ ಓಡದಷ್ಟು ಓಡಿದೆ.

ಮಹಾದೇವಿಯ ಡಬ್ಬಿಯಲ್ಲಿ ಏನೂ ಇಲ್ಲ, ನನ್ನದರಲ್ಲಿ ಅಮೀಬಾ ಎಂದು ರಿಪೋರ್ಟು ಬಂತು. "ಡಬ್ಬಿ ಅದಲುಬದಲಾಗ್ಯಾವ," ಎಂದೆ. "ಹೆಸರು ನೀವೇ ಬರದೀರಲ್ರಿ," ಎಂದ ಲ್ಯಾಬಿನವನು. ಮತ್ತೊಮ್ಮೆ ಕೊಟ್ಟೆ, ಈ ಸಲ ಮುಚ್ಚಳದ ಮೇಲೆ ಸಹಿ ಮಾಡಿ. ಅಮೀಬಾ ನನ್ನ ಸಹಿಗೂ ಅಂಜಲಿಲ್ಲ. ಡಾಕ್ಟರು, "ಹೊರಗ ಎಲ್ಲಿ ತಿಂತೀರಿ?" ಎಂದರು. ನಾನು ಕೆಮ್ಮಿ ಮುಗಿಸುವಷ್ಟರಲ್ಲಿ ಮಹಾದೇವಿ ಬಸ್ ಸ್ಟ್ಯಾಂಡಿನ ಕಥೆಯನ್ನೆಲ್ಲ ಹೇಳಿದ್ದಳು. ಗುಳಿಗೆ ನುಂಗಿದೆ, ಹೊಟ್ಟೆ ಸುಮ್ಮನಾಯಿತು.

ಮಹಾದೇವಿ ಸುಮ್ಮನಾಗಲಿಲ್ಲ. ಅಂಗಳದಲ್ಲಿ ಫೋನು ಕೈಗಿಟ್ಟು, "ಜೇವರ್ಗಿಗೆ ಹಚ್ರಿ. ಅವತ್ತು ಹೇಳಿದ್ರಲ್ಲಾ, ಇವತ್ತೂ ಹೇಳ್ರಿ," ಎಂದಳು. ಹೇಳಿದೆ. ಅಕ್ಕ ನಂಬಲಿಲ್ಲ, ಎಷ್ಟಾದರೂ ಒಡಹುಟ್ಟಿದವಳು. "ಹುಚ್ಚಾ, ಡಬ್ಬಿ ಬದಲಾಗಿರ್ತಾವ. ಅದು ಅಕೀದೇ ಇರಬೇಕು," ಎಂದಳು. ಹೌದೆನ್ನಲು ನನ್ನ ನಾಲಿಗೆ ತುದಿಗಾಲಲ್ಲಿ ನಿಂತಿತ್ತು. ಮಹಾದೇವಿ ನನ್ನ ಮುಖವನ್ನೇ ನೋಡುತ್ತಿದ್ದಳು. ಅಕ್ಕನಿಗೆ ಕಿವಿ ಸ್ವಲ್ಪ ಮಂದ. ಹಾಗಾಗಿ ಓಣಿಯವರೆಲ್ಲ ಕಟ್ಟೆಗೆ ಬಂದು ನಿಲ್ಲುವ ಹಾಗೆ ಕೂಗಿ ಹೇಳಬೇಕಾಯಿತು: "ಇಲ್ಲಕ್ಕಾ, ಅದು ನಂದೇ! ಎರಡೂ ಸಲ ನಂದೇ!"