ಗೋಪುರದಲ್ಲಿ ನೀರು ಕತ್ತಿನವರೆಗೆ ಬಂದಿದೆ, ತಾವು ಎಲ್ಲಿದ್ದೀರಿ?

‘ಏಳನೇ ಗೋಪುರದ ಕಾವಲುಗಾರರು’ ಎಂಬ ಟಿವಿ ಸರಣಿಯನ್ನು ಬರೆದು, ಶುಕ್ರವಾರ ಸಂಜೆಗೊಂದು ಕಂತಿನಂತೆ ಮನೆಮನೆಗೆ ಕಳಿಸಿ, ಆಮೇಲೆ ಯಾರ ಕೈಗೂ ಸಿಗದಂತೆ ಕುಳಿತಿರುವ ಕಥಾ ವಿಭಾಗದ ಮುಖ್ಯಸ್ಥರ ಸನ್ನಿಧಿಗೆ, ಹೊಲಿಗೆ ಅಂಗಡಿಯವನೊಬ್ಬ ಎಲ್ಲರಿಗೂ ಕೇಳಿಸುವಂತೆ ಮಾಡಿಕೊಳ್ಳುವ ವಿನಮ್ರ ಅರಿಕೆ.

ಮಾನ್ಯರೇ,

ತಾವು, ತಮ್ಮ ಡ್ರ್ಯಾಗನ್ನು, ಅದರ ಮೂರು ಮರಿಗಳು ಎಲ್ಲರೂ ಕ್ಷೇಮವೆಂದು ನಂಬಿದ್ದೇನೆ. ಇತ್ತ ನಾನು, ನನ್ನ ಹೆಂಡತಿ, ನನ್ನ ಹೊಲಿಗೆ ಯಂತ್ರ ಕ್ಷೇಮ. ರಾಣಿಯ ಕ್ಷೇಮವನ್ನು ಮಾತ್ರ ತಾವೇ ತಿಳಿಸಬೇಕು, ಏಕೆಂದರೆ ನಾವು ಕೊನೆಯ ಬಾರಿ ನೋಡಿದಾಗ ನೀರು ಆಕೆಯ ಕತ್ತಿನವರೆಗೆ ಬಂದಿತ್ತು.

ತಮ್ಮ ಸರಣಿಯನ್ನು ನಾನು ನೋಡುವುದು ನನಗಾಗಿ ಅಲ್ಲ, ನನ್ನ ಅತ್ತೆಗಾಗಿ ಎಂಬುದನ್ನು ಮೊದಲೇ ತಿಳಿಸಿಬಿಡುತ್ತೇನೆ. ಅತ್ತೆ ಎಂದರೆ ನನ್ನ ಅಪ್ಪನ ಅಕ್ಕ; ಹಳ್ಳಿಯಲ್ಲಿ ನನ್ನನ್ನು ಎತ್ತಿ ಆಡಿಸಿದವರು, ಸಂಜೆಯಾದರೆ ಕೇರಿಯ ಮಕ್ಕಳನ್ನೆಲ್ಲ ಸುತ್ತ ಕೂರಿಸಿಕೊಂಡು ಕಥೆ ಹೇಳುತ್ತಿದ್ದವರು. ಎರಡು ವರ್ಷದಿಂದ ಅವರ ಎರಡೂ ಕಣ್ಣಿಗೆ ಪೊರೆ ಬಂದಿದೆ. ಟಿವಿ ಅವರಿಗೆ ಬೆಳಕಿನ ಒಂದು ಚೌಕ, ಅಷ್ಟೆ. ಮಾತು ಕೇಳಿಸಿಕೊಂಡು ಅರ್ಥ ಮಾಡಿಕೊಳ್ಳೋಣವೆಂದರೆ ತಮ್ಮ ವೀರರು ಮಾತಾಡುವುದು ಕಡಿಮೆ, ಹಲ್ಲು ಕಚ್ಚಿ ಗುರುಗುಡುವುದೇ ಹೆಚ್ಚು. ಹಾಗಾಗಿ ನಾನು ಪಕ್ಕದಲ್ಲಿ ಕೂತು, ಮಡಿಲಲ್ಲಿ ಯಾರದ್ದೋ ಪ್ಯಾಂಟಿನ ಅಂಚು ಮಡಿಸುತ್ತಾ, ಪರದೆಯಲ್ಲಿ ನಡೆಯುವುದನ್ನೆಲ್ಲ ಬಾಯಲ್ಲಿ ಹೇಳುತ್ತೇನೆ. ತಾವು ಇಟ್ಟ ಹೆಸರುಗಳು ಅವರ ನಾಲಿಗೆಗೆ ಹೊರಳಲಿಲ್ಲ. ಹಾರುವ ವೀರ ‘ಹಾರಣ್ಣ’ನಾದ, ಸದಾ ತನಗೆ ತಾನೇ ಮಾತಾಡಿಕೊಳ್ಳುವ ಖಳ ‘ಗೊಣಗಪ್ಪ’ನಾದ, ಡ್ರ್ಯಾಗನ್ನು ‘ದೊಡ್ಡ ಹಲ್ಲಿ’ಯಾಯಿತು. ರಾಣಿ ರಾಣಿಯಾಗಿಯೇ ಉಳಿದಳು. ಆಕೆಗೆ ಅಡ್ಡಹೆಸರಿಡಲು ಅತ್ತೆಗೆ ಧೈರ್ಯ ಬರಲಿಲ್ಲ.

ತಮ್ಮ ಕಲೆಯ ಬಗ್ಗೆ ಎರಡು ಮಾತು ಹೇಳಲೇಬೇಕು. ಮೊದಲನೆಯದಾಗಿ ಕತ್ತಲೆ. ಎಂಟನೇ ಕಂತಿನ ಮಹಾಯುದ್ಧವನ್ನು ತಾವು ಕಪ್ಪು ಬಟ್ಟೆಯ ಮೇಲೆ ಕಪ್ಪು ನೂಲಿನಿಂದ ಹೊಲಿದ ಹಾಗೆ ಚಿತ್ರೀಕರಿಸಿದ್ದೀರಿ. ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ನೋಡಿದರೂ ಯಾರು ಯಾರನ್ನು ಇರಿದರೆಂದು ತಿಳಿಯದೆ ನಾನು ಐವತ್ತು ನಿಮಿಷ “ಯಾರೋ ಬಂದರು, ಯಾರೋ ಬಿದ್ದರು” ಎನ್ನುತ್ತಾ ಕೂತಿದ್ದಾಗ, ಅತ್ತೆ ಕನಿಕರದಿಂದ ನನ್ನ ಭುಜ ಸವರಿ “ನಿಂಗೂ ಪೊರೆ ಬಂತೇನೋ ಮಗಾ?” ಎಂದರು. ಕಣ್ಣಿದ್ದವನನ್ನೂ ಇಲ್ಲದವರನ್ನೂ ಹೀಗೆ ಒಂದೇ ಸಾಲಿನಲ್ಲಿ ಕೂರಿಸಿದ ತಮ್ಮ ಸಮಾನತಾ ಭಾವಕ್ಕೆ ನಮೋ ನಮಃ.

ಎರಡನೆಯದಾಗಿ ಸಾವು. ಹಾರಣ್ಣ ಇದುವರೆಗೆ ನಾಲ್ಕು ಸಲ ಸತ್ತಿದ್ದಾನೆ. ಮೊದಲ ಸಲ ಅತ್ತೆ ಅತ್ತು ಊಟ ಬಿಟ್ಟರು. ಎರಡನೇ ಸಲ ಅತ್ತು ಊಟ ಮಾಡಿದರು. ಮೂರನೇ ಸಲ ಊಟ ಮಾಡುತ್ತಲೇ “ಬರ್ತಾನೆ ಬಿಡು” ಎಂದರು. ನಾಲ್ಕನೇ ಸಲ ಉಪ್ಪು ಕೇಳಿದರು. ಹಾಗೆ ಸತ್ತು ಹುಟ್ಟುವಾಗಲೂ ಅವನ ಬೆನ್ನಿನ ಕೆಂಪು ಬಟ್ಟೆ ಸುಡುವುದಿಲ್ಲ, ಹರಿಯುವುದಿಲ್ಲ, ಎಲ್ಲಿಯೂ ಒಂದು ಹೊಲಿಗೆ ಕಾಣುವುದಿಲ್ಲ. ಆ ಬಟ್ಟೆ ಎಲ್ಲಿ ಸಿಗುತ್ತದೆಂದು ನನಗೆ ಗುಟ್ಟಾಗಿ ತಿಳಿಸಿದರೆ ಶಾಲಾ ಸಮವಸ್ತ್ರ ಹೊಲಿಯಲು ಬಳಸುತ್ತೇನೆ.

ಇದೆಲ್ಲವನ್ನೂ ಹೊಟ್ಟೆಗೆ ಹಾಕಿಕೊಳ್ಳಬಹುದಿತ್ತು. ಆದರೆ ಕೊನೆಯ ಕಂತಿನಲ್ಲಿ ತಾವು ಏನು ಮಾಡಿದಿರಿ? ಗೊಣಗಪ್ಪ ರಾಣಿಯನ್ನು ಗೋಪುರದ ಬುಡದಲ್ಲಿರುವ ಬಾವಿಯಂಥ ಕೋಣೆಗೆ ತಳ್ಳಿದ. ಬಾಗಿಲು ಮುಚ್ಚಿತು, ಎಲ್ಲೋ ತುತ್ತತುದಿಯಲ್ಲಿ ಒಂದೇ ಒಂದು ಕಿಟಕಿ. ನೀರು ನುಗ್ಗಿತು. ಮೊಣಕಾಲು, ಸೊಂಟ, ಎದೆ, ಕತ್ತು. ಹಾರಣ್ಣ ಮೋಡದ ಆಚೆ ತನ್ನ ಬಾಲ್ಯ ನೆನೆಯುತ್ತಾ ನಿಂತಿದ್ದ. ಪರದೆ ಕಪ್ಪಾಯಿತು. “ಮುಂದಿನ ಸೀಸನ್ ಎರಡು ವರ್ಷಗಳ ನಂತರ.”

ಅತ್ತೆಯ ಕಥೆಗಳಿಗೆ ಒಂದು ಕಟ್ಟಳೆ ಇತ್ತು: ಕಥೆಯೊಳಗೆ ಯಾರನ್ನಾದರೂ ಬಾವಿಗೆ ಇಳಿಸಿದರೆ, ಅವರನ್ನು ಮೇಲೆತ್ತದೆ ಹೇಳುವವರು ಏಳುವಂತಿಲ್ಲ. ಹಾಲು ಉಕ್ಕಲಿ, ಬಾಗಿಲಲ್ಲಿ ನೆಂಟರು ನಿಂತಿರಲಿ, ಬಾವಿಯಲ್ಲಿದ್ದವರು ಮೇಲೆ ಬಂದ ಮೇಲೆಯೇ ಬೇರೆ ಮಾತು. ಹೀಗಿರುವಾಗ ಒಬ್ಬ ಹೆಣ್ಣುಮಗಳನ್ನು ಕತ್ತಿನ ಮಟ್ಟದ ನೀರಿನಲ್ಲಿ ಬಿಟ್ಟು ತಾವು ಎದ್ದುಹೋದದ್ದನ್ನು ಕೇಳಿ ಅತ್ತೆ, “ಮನೆಯಲ್ಲಿ ಹೇಳಿಕೊಡೋರು ಯಾರೂ ಇರಲಿಲ್ವೇನೋ ಪಾಪ” ಎಂದರು. ಆ ಪಾಪ ರಾಣಿಗಲ್ಲ ಮಾನ್ಯರೇ, ತಮಗೆ.

ಅದೇ ವಾರ ಕಣ್ಣಿನ ಡಾಕ್ಟರಮ್ಮ ಪರೀಕ್ಷೆ ಮಾಡಿ, ಪೊರೆ ಪೂರ್ತಿ ಬಲಿತಿದೆ, ಮುಂದಿನ ಗುರುವಾರವೇ ಒಂದು ಕಣ್ಣಿಗೆ ಆಪರೇಷನ್ ಆಗಬೇಕು, ತಡ ಮಾಡಿದರೆ ಈಗಿರುವ ಮಬ್ಬು ಬೆಳಕೂ ಉಳಿಯಲಿಕ್ಕಿಲ್ಲ ಎಂದರು. ಅತ್ತೆ ಒಪ್ಪಲಿಲ್ಲ. “ಟೇಬಲ್ ಮೇಲೆ ನಂಗೇನಾದ್ರೂ ಆದ್ರೆ? ಆ ಹುಡುಗಿ ನೀರಲ್ಲೇ ಇರ್ತಾಳೆ. ಅವಳು ಮೇಲೆ ಬರಲಿ, ಆಮೇಲೆ ಬರ್ತೀನಿ.” ಡಾಕ್ಟರಮ್ಮ ಯಾವ ಹುಡುಗಿ, ಯಾವ ಆಸ್ಪತ್ರೆಯಲ್ಲಿದ್ದಾಳೆ ಎಂದು ಗಾಬರಿಯಿಂದ ನನ್ನನ್ನು ಕೇಳಿದರು. ತಮ್ಮ ಪ್ರಕಟಣೆಯ ಪ್ರಕಾರ ಆಕೆ ಮೇಲೆ ಬರಲು ಎರಡು ವರ್ಷವಿತ್ತು; ಅತ್ತೆಯ ಕಣ್ಣಿಗೆ ಇದ್ದದ್ದು ಎಂಟು ದಿನ.

ಅನಿವಾರ್ಯವಾಗಿ ನಾನು ತಮ್ಮ ಕೆಲಸಕ್ಕೆ ಕೈ ಹಾಕಿದೆ, ಕ್ಷಮೆಯಿರಲಿ. ಮುಂದಿನ ಸೀಸನ್ ಬೇಗನೇ ಬಂದುಬಿಟ್ಟಿತೆಂದು ಸುಳ್ಳು ಹೇಳಿ, ಯಾವುದೋ ಹಳೆಯ ಕಂತಿನ ಗದ್ದಲ ಹಾಕಿ, ನನ್ನದೇ ಅಂತ್ಯ ಹೇಳಿದೆ: ಹಾರಣ್ಣ ಬಂದ, ಗೋಡೆ ಒಡೆದ, ರಾಣಿಯನ್ನು ಎತ್ತಿಕೊಂಡ, ರಾಣಿ ಕೈಮುಗಿದು “ನಿನ್ನ ಉಪಕಾರ ಮರೆಯೋದಿಲ್ಲ” ಎಂದಳು. ಅತ್ತೆ ಕೊನೆಯ ತನಕ ಕೇಳಿಸಿಕೊಂಡು, “ಆ ರಾಣಿ ಹೆತ್ತ ತಾಯಿಗೇ ತಲೆ ಬಾಗಿಸಿದೋಳಲ್ಲ, ಇವನಿಗೆ ಕೈ ಮುಗಿತಾಳಾ? ನೀನು ಪ್ಯಾಂಟ್ ಹೊಲಿ ಹೋಗು” ಎಂದುಬಿಟ್ಟರು. ಅಡುಗೆಮನೆಯಿಂದ ನನ್ನ ಹೆಂಡತಿ ನಕ್ಕದ್ದು ಬೀದಿಗೆ ಕೇಳಿಸಿತು. ಹಾಗಾದರೆ ನೀವೇ ಮುಗಿಸಿ ಎಂದರೆ ಅದಕ್ಕೂ ಇಲ್ಲ. ಶುರು ಮಾಡಿದವರೇ ಮುಗಿಸಬೇಕಂತೆ.

ಗುರುವಾರ, ಬರೀ ಇನ್ನೊಮ್ಮೆ ತೋರಿಸಿಕೊಂಡು ಬರೋಣವೆಂದು ಪುಸಲಾಯಿಸಿ ಕರೆದುಕೊಂಡು ಹೋದೆ. ಆಪರೇಷನ್ ಕೋಣೆಯ ಹೊರಗೆ ಹಸಿರು ಗೌನು ತೊಟ್ಟು ಹನ್ನೊಂದು ಜನ ಸಾಲಾಗಿ ಕೂತಿದ್ದರು. ನರ್ಸ್ ಒಂದು ಗೌನು ತಂದು ಅತ್ತೆಗೂ ತೊಡಿಸಿದರು. ನನ್ನ ಮೋಸ ತಿಳಿದು ಅತ್ತೆ ನನ್ನ ಕೈ ಹಿಡಿದುಕೊಂಡರು. ಆ ಕೈ ತಣ್ಣಗಿತ್ತು, ನನ್ನ ಬೆರಳುಗಳನ್ನು ಬಿಡಲೇ ಇಲ್ಲ. ರಾಣಿಯ ನೆಪದ ಹಿಂದೆ ಇದ್ದದ್ದು ಹೆದರಿಕೆಯೆಂದು ನನ್ನ ದಡ್ಡ ತಲೆಗೆ ಹೊಳೆದದ್ದು ಆಗ. ಮನೆಗೆ ಹೋಗೋಣವಾ ಎಂದು ಕೇಳಲು ನಾನು ಬಾಯಿ ತೆರೆಯುವಷ್ಟರಲ್ಲಿ ಪಕ್ಕದಲ್ಲಿದ್ದ ನಿವೃತ್ತ ಬಸ್ ಡ್ರೈವರ್, ಅವರಿಗಿಂತ ಹೆಚ್ಚು ಹೆದರಿದ್ದವರು, “ಅಮ್ಮಾ, ಏನಾದ್ರೂ ಮಾತಾಡ್ತಾ ಇರಿ, ನಂಗೆ ಎದೆ ಹೊಡ್ಕೊಳ್ತಾ ಇದೆ” ಎಂದರು. ಅತ್ತೆಗೆ ಗೊತ್ತಿದ್ದ ಔಷಧ ಒಂದೇ. ಕಥೆ ಶುರು ಮಾಡಿದರು, ಅದೂ ತಾವು ಬರೆದ ಈ ಗೋಪುರದ ಕಥೆಯನ್ನೇ.

ತಾವು ಹತ್ತು ಕಂತಿನಲ್ಲಿ ಎಳೆದದ್ದನ್ನು ಅವರು ಅರ್ಧ ಗಂಟೆಯಲ್ಲಿ ಹೇಳಿದರು. ಹಾರಣ್ಣ ಒಂದೇ ಸಲ ಸತ್ತ. ಯುದ್ಧ ಹಗಲಲ್ಲಿ ನಡೆಯಿತು. ರಾಣಿ ಬಾವಿಗೆ ಬಿದ್ದಳು, ನೀರು ಕತ್ತಿಗೆ ಬಂತು, ಆ ಹೊತ್ತಿಗೆ ಸರಿಯಾಗಿ ನರ್ಸ್ ಬಾಗಿಲು ತೆರೆದು ಅತ್ತೆಯನ್ನು ಕರೆದರು. ಅತ್ತೆ ಏಳಲಿಲ್ಲ. ಈ ಸಲ ಕಥೆ ಶುರು ಮಾಡಿದವರು ಅವರೇ, ಬಾವಿಗೆ ಇಳಿಸಿದವರೂ ಅವರೇ. ಅವರ ಕಟ್ಟಳೆ ಅವರನ್ನೇ ಹಿಡಿದು ಕೂರಿಸಿತು. ಒಂದು ಗಳಿಗೆ ಯೋಚಿಸಿ ಹೇಳಿದರು: “ನೀರು ಏರಿದ್ರೆ ಒಳ್ಳೇದೇ ಆಯ್ತಲ್ಲ. ಅವಳಿಗೆ ಈಜು ಬರುತ್ತೆ, ಮೊದಲೇ ನದಿ ದಾಟಿದ್ದಾಳೆ. ಕೈಕಾಲು ಆಡಿಸ್ತಾ ಸುಮ್ಮನೆ ತೇಲಿದಳು. ನೀರು ಮೇಲೆ ಬಂತು, ಅವಳೂ ಬಂದಳು. ಕಿಟಕಿ ಸಿಕ್ಕಿತು, ದಾಟಿದಳು. ತಲೆ ಒರೆಸಿಕೊಂಡು ಮನೆಗೆ ಹೋದಳು.” ಹನ್ನೊಂದು ಜನವೂ ಒಟ್ಟಿಗೆ ಉಸಿರು ಬಿಟ್ಟರು. ಅತ್ತೆ ನನ್ನ ಕೈ ಬಿಟ್ಟು ಎದ್ದು, “ನಡಿಯಮ್ಮ, ಅವಳು ಮೇಲೆ ಬಂದಳು” ಎಂದು ನರ್ಸ್ ಹಿಂದೆ ಒಳಗೆ ಹೋದರು.

ಮಾನ್ಯರೇ, ಖಳನೇ ನೀರು ಬಿಟ್ಟು ರಾಣಿಯನ್ನು ಕಿಟಕಿಯವರೆಗೆ ಏರಿಸುತ್ತಿದ್ದಾನೆಂಬ ಸಂಗತಿ ತಮ್ಮ ಕಚೇರಿಯಲ್ಲಿ ಯಾರಿಗೂ ಹೊಳೆಯದೆ ಎರಡು ವರ್ಷ ಕಾಲಾವಕಾಶ ಕೇಳಿದ್ದೀರಲ್ಲ, ಆ ನಿಧಾನವನ್ನು ನಾನು ಮನಸಾರೆ ಮೆಚ್ಚುತ್ತೇನೆ. ಆಪರೇಷನ್ ಚೆನ್ನಾಗಿ ಆಯಿತು. ಕಳೆದ ವಾರ ಅತ್ತೆ ಮೊದಲ ಕಂತನ್ನು ಸ್ವಂತ ಕಣ್ಣಿನಿಂದ ನೋಡಿ, “ಇವನೇನಾ ಹಾರಣ್ಣ? ನೀನು ಹೇಳಿದೋನೇ ಚೆನ್ನಾಗಿದ್ದ” ಎಂದು ಕಣ್ಣು ಮುಚ್ಚಿಕೊಂಡು, “ಹೂಂ, ಹೇಳು” ಎಂದರು. ಆದ್ದರಿಂದ ನನ್ನ ಪ್ರಾರ್ಥನೆ ಇಷ್ಟೆ: ಮುಂದಿನ ಸೀಸನ್ನಿನಲ್ಲಿ ರಾಣಿ ಈಜಿಯೇ ಹೊರಬರಲಿ, ಹಾರಣ್ಣನನ್ನು ಒಳಗೆ ಬಿಡಬೇಡಿ, ಒಂದೆರಡು ದೀಪ ಹಚ್ಚಿಸಿ. ಸಾಧ್ಯವಾದರೆ ಗೊಣಗಪ್ಪನಿಗೆ ಸ್ವಲ್ಪ ಗಟ್ಟಿಯಾಗಿ ಗೊಣಗಲು ಹೇಳಿ.

ನೀರು ಇಳಿಯುವ ಮುನ್ನವೇ ಉತ್ತರ ಬಂದೀತೆಂಬ ಭರವಸೆಯಲ್ಲಿ,

ತಮ್ಮ ವಿಶ್ವಾಸಿ,
ಹೊಲಿಗೆ ಅಂಗಡಿಯವನು

ತಾ.ಕ.: ಪ್ರತಿ ಕಂತಿನ ಕೊನೆಯಲ್ಲಿ ತಮ್ಮ ಹೆಸರು ಇರುವೆಯಷ್ಟು ಸಣ್ಣದಾಗಿ ಬಂದು ಕ್ಷಣದಲ್ಲಿ ಮಾಯವಾಗುತ್ತದೆ. ಇದುವರೆಗೆ ಅದು ತಮಗೆ ಕ್ಷೇಮಕರವಾಗಿತ್ತು. ರಾಣಿ ಹೇಗೆ ಹೊರಬಂದಳೆಂದು ಬಲ್ಲ ಅತ್ತೆ, ಬಸ್ ಡ್ರೈವರ್ ಮತ್ತು ಉಳಿದ ಹತ್ತು ಮಂದಿಗೆ ಈಗ ಆ ಅಕ್ಷರಗಳು ಬಹಳ ಸ್ಪಷ್ಟವಾಗಿ ಕಾಣುತ್ತಿವೆಯಂತೆ.